ಡೇರೆಗೂ ಬೀಜವಿದೆ

(ಸಾಗರ ಪಟ್ಟಣದಲ್ಲಿ ಹೂಗಿಡ ಬೆಳೆಸುವವರ ಸಭೆಯೊಂದರಲ್ಲಿ ಡೇರೆ, ಅಂದರೆ ಡೇಲಿಯಾ ಹೂವಿನ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಕೆಲವು ಕಡೆ ವಿವರ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರುಮಾಡುವ ಮೊದಲು ಇಲ್ಲಿ ಕುಳಿತವರನ್ನು ಎರಡು ಪ್ರಶ್ನೆ ಕೇಳಿದೆ. ಮನೆಯಂಗಳದಲ್ಲಿ ಡೇರೆ ಬೆಳೆಸುವವರು ಯಾರು ಎಂದಾಗ ಸಭೆಗೆ ಸಭೆಯೇ ಕೈ ಎತ್ತಿತು. ಡೇರೆಯ ಬೀಜ ಬಿತ್ತಿದವರು ಯಾರು ಎಂದಾಗ ಮೂರು ಕೈ ಮಾತ್ರ ಮೇಲೆದ್ದವು. ಹಿಂದಿನ ಸಾಲಿನ ಅಕ್ಕ ಒಬ್ಬರು ಪಕ್ಕದವರಲ್ಲಿ "ಡೇರೆಗೆ ಬೀಜವೂ ಆಗುತ್ತದೆಯೇ?" ಎಂದು ಕೇಳಿದ್ದು ನನಗೂ ಕೇಳಿಸಿತು. ಆಗುತ್ತದೆ ಅಕ್ಕ. ಇವತ್ತು ನಾನು ಹೇಳಬೇಕೆಂದು ಬಂದದ್ದು ಅದೊಂದನ್ನೇ.

ಬಯಲುಸೀಮೆಯಿಂದ ಬಂದವರೂ ಇಲ್ಲಿದ್ದೀರಿ. ನೀವು ಡೇಲಿಯಾ ಎನ್ನುವ ಹೂವಿಗೆ ಮಲೆನಾಡಿನ ನಾವು ಡೇರೆ ಎನ್ನುತ್ತೇವೆ. ರೋಹಿಣಿ ಮಳೆ ಬಿದ್ದಾಗ ಗಡ್ಡೆ ನೆಡುತ್ತೇವೆ, ಚೌತಿಯ ಹೊತ್ತಿಗೆ ಅಂಗಳ ತುಂಬ ಹೂವು, ದೀಪಾವಳಿಯವರೆಗೂ ಅದರದೇ ಸಂಭ್ರಮ. ನೆಂಟರ ಮನೆಗೆ ಹೋದವರು ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಗೆಲ್ಲನ್ನೋ ಸೆರಗಿನಲ್ಲಿ ಕಟ್ಟಿದ ಒಂದು ಗಡ್ಡೆಯನ್ನೋ ತರದೆ ಬಂದದ್ದುಂಟೇ? ನಮ್ಮೂರುಗಳ ಹೂದೋಟಗಳೆಲ್ಲ ಹೀಗೆ ಕೈಯಿಂದ ಕೈಗೆ ದಾಟಿ ಬೆಳೆದವು. ದುಡ್ಡು ಕೊಟ್ಟು ಕೊಂಡವಲ್ಲ. ಹೆಣ್ಣುಮಕ್ಕಳು ಕಟ್ಟಿದ ದೊಡ್ಡ ಸಂಪತ್ತು ಅದು ಎಂದು ನಾನು ಮನಸಾರೆ ನಂಬಿದ್ದೇನೆ.

ನಮ್ಮ ಮನೆಗೆ ಡೇರೆ ಬಂದದ್ದು ನನ್ನ ಅತ್ತೆಯವರಿಂದ. ಅವರ ಬಳಿ ಹನ್ನೊಂದು ಬಗೆ ಇದ್ದವು. ಅವುಗಳಲ್ಲೊಂದು ಅರಿಶಿನ ಬಣ್ಣದ್ದು. ಪ್ರತಿ ಎಸಳಿನ ತುದಿಯನ್ನೂ ಕುಂಕುಮದಲ್ಲಿ ಅದ್ದಿ ತೆಗೆದಂತೆ ಇರುತ್ತಿತ್ತು. ಅದು ಅರಳಿದ ದಿನ ಅತ್ತೆ ಅಕ್ಕಪಕ್ಕದ ಮನೆಯವರನ್ನು ಕರೆದು ತೋರಿಸುತ್ತಿದ್ದರು. ಗಡ್ಡೆಗಳನ್ನು ಬುಟ್ಟಿಯಲ್ಲಿ ಮರಳು ಹಾಕಿ ಅಟ್ಟದ ಮೂಲೆಯಲ್ಲಿ ಇಡುವುದು ವಾಡಿಕೆ. ಒಂದು ವರ್ಷ ಮುಂಗಾರು ಪೂರ್ವದ ಮಳೆಗೆ ಹೆಂಚು ಸರಿದು ಆ ಮೂಲೆಗೇ ನೀರು ಸುರಿಯಿತು. ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು, ನಾನು ಅಟ್ಟ ಹತ್ತಿದ್ದು ಎರಡು ವಾರ ತಡವಾಗಿ. ಬುಟ್ಟಿಗೆ ಕೈ ಹಾಕಿದರೆ ಗಡ್ಡೆಗಳು ಬೆಂದ ಗೆಣಸಿನಂತೆ ಕೈಗೆ ಮೆತ್ತಿಕೊಂಡವು. ಆ ಅರಿಶಿನ ಡೇರೆಯನ್ನು ಅತ್ತೆ ಯಾರು ಯಾರಿಗೆ ಕೊಟ್ಟಿದ್ದರೋ ಆ ಮನೆಗಳಿಗೆಲ್ಲ ಹೋದೆ. ಒಂದು ಮನೆಯಲ್ಲಿ ಹೆಗ್ಗಣ ತಿಂದಿತ್ತು, ಇನ್ನೊಂದು ಮನೆಯಲ್ಲಿ ಎಲೆ ಮುರುಟಿಕೊಂಡು ವರ್ಷದಿಂದ ವರ್ಷಕ್ಕೆ ಕುಗ್ಗಿ ಹೋಗಿತ್ತು, ಮೂರನೆಯ ಮನೆಯವರು ಊರು ಬಿಟ್ಟಿದ್ದರು. ಅಲ್ಲಿಗೆ ಆ ಹೂವು ಮುಗಿಯಿತು. ಅತ್ತೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಆಗ ಅರ್ಥವಾದ ವಿಷಯ ಇದು. ಗಡ್ಡೆಯಿಂದ, ಗೆಲ್ಲಿನಿಂದ ನಾವು ಮಾಡುವುದು ಹೊಸ ಗಿಡವನ್ನಲ್ಲ. ಅದೇ ಒಂದು ಗಿಡವನ್ನು ತುಂಡುತುಂಡಾಗಿ ಮುಂದುವರಿಸುತ್ತೇವೆ, ಅಷ್ಟೇ. ಹತ್ತು ಊರಿನಲ್ಲಿ ಒಂದೇ ಬಗೆಯ ಡೇರೆ ಇದ್ದರೆ ಅದು ಹತ್ತು ಗಿಡವಲ್ಲ, ಹತ್ತು ಕಡೆ ನೆಲೆಸಿದ ಒಂದು ಗಿಡ. ಅದಕ್ಕೆ ತಗುಲಿದ ರೋಗವೂ ಅದರ ಜೊತೆಗೇ ಊರೂರು ತಿರುಗುತ್ತದೆ. ಗಡ್ಡೆ ಎಷ್ಟೇ ಹಂಚಿದರೂ ಇರುವ ಹೂವು ಉಳಿದೀತೇ ಹೊರತು ಇಲ್ಲದ ಹೂವು ಹುಟ್ಟುವುದಿಲ್ಲ. ಹೊಸದು ಬೇಕೆಂದರೆ ಬೀಜಕ್ಕೇ ಹೋಗಬೇಕು.

ಬೀಜದ ದಾರಿ ನನಗೆ ತೋರಿದ್ದು ನನ್ನದೇ ಉದಾಸೀನ. ಅದರ ಹಿಂದಿನ ಚಳಿಗಾಲದಲ್ಲಿ ಬಾಡಿದ ಹೂಗಳನ್ನು ಚಿವುಟದೆ ಬಿಟ್ಟಿದ್ದೆ. ಆರಿದ್ರಾ ಮಳೆಯ ಹೊತ್ತಿಗೆ ತುಳಸಿಕಟ್ಟೆಯ ಬುಡದಲ್ಲಿ, ಯಾರೂ ನೆಡದ ಜಾಗದಲ್ಲಿ, ಒಂದು ಸಸಿ ಎದ್ದಿತು. ಕಳೆ ಎಂದು ಕೀಳಲು ಹೋದವಳು ಎಲೆಯ ಅಂಚು ನೋಡಿ ಕೈ ತಡೆದೆ. ಭಾದ್ರಪದದಲ್ಲಿ ಅದು ಹೂ ಬಿಟ್ಟಿತು. ಎಂಟೇ ಎಸಳು, ನಡುವೆ ಹಳದಿ ಕಣ್ಣು, ಬಣ್ಣ ಮಾತ್ರ ಆಗತಾನೇ ಕೊಯ್ದ ಹಣ್ಣಡಿಕೆಯದು. ನಮ್ಮ ಹನ್ನೊಂದು ಬಗೆಯಲ್ಲಿ ಆ ಬಣ್ಣ ಇರಲೇ ಇಲ್ಲ. ನಾನು ಕಂಡ ಮಟ್ಟಿಗೆ ಯಾರ ಮನೆಯಲ್ಲೂ ಇರಲಿಲ್ಲ.

ಇಲ್ಲದ ಬಣ್ಣ ಬಂದದ್ದು ಎಲ್ಲಿಂದ? ಅದಕ್ಕೆ ಈ ಗಿಡದ ಒಳಗಿನ ಲೆಕ್ಕವನ್ನು ಸ್ವಲ್ಪ ನೋಡಬೇಕು. ಬಹಳಷ್ಟು ಜೀವಿಗಳಲ್ಲಿ ವರ್ಣತಂತುಗಳು, ಎಂದರೆ ಗುಣಗಳನ್ನು ಹೊತ್ತ ಎಳೆಗಳು, ಎರಡು ಕಟ್ಟುಗಳಾಗಿ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ತೋಟದ ಡೇರೆಯಲ್ಲಿ ಎಂಟು ಕಟ್ಟುಗಳಿವೆ. ಒಂದೊಂದು ಕಟ್ಟಿನಲ್ಲಿ ಎಂಟು, ಒಟ್ಟು 64. ಹಾಗೆಂದರೆ ಒಂದು ಬಣ್ಣದ ಒಂದು ಗುಣಕ್ಕೆ ಎರಡಲ್ಲ, ಎಂಟು ಪ್ರತಿಗಳು. ಬೀಜ ಕಟ್ಟುವಾಗ ಈ ಎಂಟರಲ್ಲಿ ನಾಲ್ಕು ತಾಯಿ ಗಿಡದಿಂದ, ನಾಲ್ಕು ಪರಾಗ ಕೊಟ್ಟ ಗಿಡದಿಂದ ಬರುತ್ತವೆ. ಪ್ರತಿ ಬೀಜಕ್ಕೂ ಬೇರೆ ಬೇರೆ ನಾಲ್ಕು. ಬಿಳಿ ಹೂವಿನ ಗಿಡವೊಂದು ತನ್ನೊಳಗೆ ಏನೇನು ಅಡಗಿಸಿಕೊಂಡಿದೆ ಎಂದು ಹೊರಗಿನಿಂದ ಹೇಳಲಾಗುವುದಿಲ್ಲ. ಇಂಗ್ಲೆಂಡಿನ ಜಾನ್ ಇನ್ನಿಸ್ ಸಂಸ್ಥೆಯಲ್ಲಿ ಡಬ್ಲ್ಯು. ಜೆ. ಸಿ. ಲಾರೆನ್ಸ್ ಎಂಬ ವಿಜ್ಞಾನಿ 1920ರ ದಶಕದ ಕೊನೆಯಲ್ಲಿ ಇದನ್ನು ಬಿಡಿಸಿ ನೋಡಿದರು. ಕಾಡು ಡೇರೆಗಳಲ್ಲಿ ಒಂದು ಗುಂಪು ಬಿಳಿ, ನೇರಳೆಗೆಂಪಿನ ಕಡೆಯದು, ಇನ್ನೊಂದು ಗುಂಪು ಹಳದಿ, ಕಿತ್ತಳೆ, ಕಡುಗೆಂಪಿನ ಕಡೆಯದು. ತೋಟದ ಡೇರೆ ಈ ಎರಡೂ ಗುಂಪುಗಳು ಕೂಡಿ ಹುಟ್ಟಿದ್ದು ಎಂಬುದು ಅವರ ತೀರ್ಮಾನ. ಎರಡು ಮನೆತನದ ಒಡವೆ ಒಂದೇ ಪೆಟ್ಟಿಗೆಗೆ ಬಿದ್ದಂತೆ. ಹಾಗಾಗಿಯೇ ಒಂದು ಹೂವಿನ ನಲವತ್ತು ಬೀಜ ಬಿತ್ತಿದರೆ ನಲವತ್ತು ತೆರನಾದ ಹೂವು.

ಈ ಗುಣದ ಲಾಭವನ್ನು ಚೆನ್ನಾಗಿ ಪಡೆದವರು ಯುರೋಪಿನವರು. ಡೇರೆಯ ತವರು ಮೆಕ್ಸಿಕೊ. 1963ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಹೂವೆಂದು ಸಾರಿತು. 1789ರಲ್ಲಿ ಮೆಕ್ಸಿಕೊದಿಂದ ಸ್ಪೇನಿನ ಮ್ಯಾಡ್ರಿಡ್ ಸಸ್ಯೋದ್ಯಾನಕ್ಕೆ ಬೀಜ ಹೋಯಿತು. 1791ರಲ್ಲಿ ಅಲ್ಲಿನ ಕವನಿಲೆಸ್ ಎಂಬ ಸಸ್ಯಶಾಸ್ತ್ರಜ್ಞರು ಇದಕ್ಕೆ ಸ್ವೀಡನ್ನಿನ ಆಂಡರ್ಸ್ ಡಾಲ್ ಅವರ ಹೆಸರಿಟ್ಟರು. ಡಾಲ್ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಆ ಬೀಜದ ಮಕ್ಕಳು ಮೊಮ್ಮಕ್ಕಳನ್ನು ಬಿತ್ತುತ್ತ ಬಿತ್ತುತ್ತ ಕೆಲವೇ ದಶಕಗಳಲ್ಲಿ ಅಲ್ಲಿ ನೂರಾರು ಬಗೆಗಳಾದವು. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟವಾದದ್ದು. 1872ರಲ್ಲಿ ಮೆಕ್ಸಿಕೊದಿಂದ ಹಾಲೆಂಡಿಗೆ ಒಂದು ಪೆಟ್ಟಿಗೆ ಗಡ್ಡೆ ಹಡಗಿನಲ್ಲಿ ಹೋಯಿತು. ದಾರಿಯಲ್ಲಿ ಎಲ್ಲ ಕೊಳೆತು ಒಂದೇ ಒಂದು ಗಡ್ಡೆ ಬದುಕಿತು. ಅದರಲ್ಲಿ ಅರಳಿದ್ದು ಎಸಳು ಹಿಂದಕ್ಕೆ ಸುರುಳಿ ಸುತ್ತಿ ಮೊನೆಯಾದ ಕೆಂಪು ಹೂವು. ನಮ್ಮ ಅಂಗಳಗಳಲ್ಲಿ ಚೂಪು ಎಸಳಿನ ಡೇರೆ ಇದೆಯಲ್ಲ, ನರ್ಸರಿಯವರು ಕ್ಯಾಕ್ಟಸ್ ಡೇಲಿಯಾ ಎನ್ನುವುದು, ಅದರ ಮೂಲ ಆ ಒಂದು ಗಡ್ಡೆ. ಅದನ್ನು ಬರೀ ಗಡ್ಡೆಯಾಗಿಯೇ ಕಾಪಾಡಿಕೊಂಡು ಕುಳಿತಿದ್ದರೆ ಅದು ಒಂದು ಕೆಂಪು ಹೂವಾಗಿಯೇ ಉಳಿಯುತ್ತಿತ್ತು. ಬೇರೆ ಡೇರೆಗಳೊಂದಿಗೆ ಕೂಡಿಸಿ ಬೀಜ ತೆಗೆದದ್ದರಿಂದ ಅದೊಂದು ವಂಶವೇ ಆಯಿತು. ಅಟ್ಟದ ಬುಟ್ಟಿ ನೆನಪಾದಾಗಲೆಲ್ಲ ನನಗೆ ಆ ಹಡಗಿನ ಪೆಟ್ಟಿಗೆಯೂ ನೆನಪಾಗುತ್ತದೆ.

ಈಗ ಈ ಹೂವನ್ನು ನೋಡಿ. ಬೆಳಿಗ್ಗೆ ಕೊಯ್ದು ತಂದದ್ದು. ನಾವು ಇದನ್ನು ಒಂದು ಹೂವು ಎನ್ನುತ್ತೇವೆ, ನಿಜದಲ್ಲಿ ಇದು ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂಗಳ ಹಾಗೆ ನೂರಾರು ಪುಟ್ಟ ಹೂಗಳ ಗೊಂಚಲು. ಹೊರಗಿನ ಒಂದೊಂದು ಎಸಳೂ ಒಂದೊಂದು ಹೂವು. ನಡುವಿನ ಹಳದಿ ಕಣ್ಣಿನಲ್ಲಿ ಕಾಣುವ ಸೂಜಿಮೊನೆಯಂಥವು ಒಂದೊಂದೂ ಒಂದೊಂದು ಹೂವು. ಕಣ್ಣಿನ ಈ ಹೂಗಳು ಒಟ್ಟಿಗೆ ಅರಳುವುದಿಲ್ಲ. ಹೊರಗಿನ ಸುತ್ತು ಮೊದಲು, ಮರುದಿನ ಅದರ ಒಳಗಿನ ಸುತ್ತು, ಹೀಗೆ ಬಳೆ ಬಳೆಯಾಗಿ ಒಳಕ್ಕೆ ಸಾಗುತ್ತವೆ. ಪ್ರತಿ ಪುಟ್ಟ ಹೂವೂ ಮೊದಲು ಹಳದಿ ಪರಾಗವನ್ನು ಹೊರಗೆ ತಳ್ಳುತ್ತದೆ. ಆಮೇಲೆ ಅದರೊಳಗಿಂದ ಹಾವಿನ ನಾಲಿಗೆಯಂತೆ ಎರಡು ಕವಲಿನ ತುದಿ ಮೇಲೆ ಬಂದು ಬಾಗುತ್ತದೆ. ಆ ಕವಲೇ ಪರಾಗವನ್ನು ಸ್ವೀಕರಿಸುವ ಜಾಗ. ಭೂತಗನ್ನಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲ್ ಕ್ಯಾಮರಾದಲ್ಲಿ ಹತ್ತಿರದಿಂದ ತೆಗೆದು ದೊಡ್ಡದು ಮಾಡಿ ನೋಡಿ, ಕವಲು ತೆರೆದಿದೆಯೇ ಇಲ್ಲವೇ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಡೇರೆಗೆ ತನ್ನದೇ ಪರಾಗ ಹೆಚ್ಚಾಗಿ ಒಗ್ಗುವುದಿಲ್ಲ. ಬೇರೆ ಬಗೆಯ ಡೇರೆಯ ಪರಾಗ ಬೇಕು. ಇದು ನಮಗೆ ಅನುಕೂಲವೇ ಆಯಿತು. ಅಂಗಳದಲ್ಲಿ ನಾಲ್ಕಾರು ಬಗೆಗಳಿದ್ದರೆ ಜೇನು, ಮಿಸರೆ, ಚಿಟ್ಟೆಗಳೇ ಕೂಡಿಸುವ ಕೆಲಸ ಮಾಡಿಬಿಡುತ್ತವೆ. ಮೊದಲ ಎರಡು ವರ್ಷ ನೀವು ಏನೂ ಮಾಡಬೇಡಿ, ಅವುಗಳಿಗೇ ಬಿಡಿ. ತಂದೆ ಯಾರೆಂದು ಗೊತ್ತಿರುವುದಿಲ್ಲ, ತಾಯಿ ಯಾವುದೆಂದು ಮಾತ್ರ ಬರೆದಿಟ್ಟರೆ ಸಾಕು.

ಕೈಯಾರೆ ಕೂಡಿಸಬೇಕೆಂಬ ಆಸೆ ಹುಟ್ಟಿದ ಮೇಲೆ ಹೀಗೆ ಮಾಡಬಹುದು. ತಾಯಿಯಾಗಿ ಆರಿಸಿಕೊಂಡ ಹೂವು ಅರಳುವ ಮೊದಲೇ ಅದಕ್ಕೆ ತೆಳುಬಟ್ಟೆಯ ಚೀಲ ಕಟ್ಟಿ, ಜೇನು ಬರದ ಹಾಗೆ. ಎಸಳುಗಳನ್ನು ಕತ್ತರಿಯಿಂದ ಗಿಡ್ಡ ಮಾಡಿದರೆ ಒಳಗೆ ನೀರು ನಿಲ್ಲುವುದಿಲ್ಲ. ಕವಲು ನಾಲಿಗೆ ಕಂಡ ದಿನ, ಇಬ್ಬನಿ ಆರಿ ಬಿಸಿಲು ಬಂದ ಮೇಲೆ, ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ ತಂದೆ ಹೂವಿನ ಪರಾಗವನ್ನು ಮಕ್ಕಳ ಬಣ್ಣದ ಕುಂಚದಲ್ಲಿ ತೆಗೆದು ಸವರಿ. ಒಂದು ದಿನ ಸವರಿದರೆ ಒಂದು ಸುತ್ತಿಗೆ ಮಾತ್ರ ಆಯಿತು. ದಿನ ಬಿಟ್ಟು ದಿನ ನಾಲ್ಕು ಸಲ ಮಾಡಬೇಕು. ಪ್ರತಿ ಸಲ ಚೀಲ ಮರಳಿ ಕಟ್ಟುವುದನ್ನು ಮರೆಯಬಾರದು. ತುಂಬು ಎಸಳಿನ ಹೂಗಳಲ್ಲಿ ಕಣ್ಣು ಕೊನೆಯವರೆಗೂ ಮುಚ್ಚಿಕೊಂಡೇ ಇರುತ್ತದೆ. ಹಿಂದಿನ ಎಸಳು ಬಾಡತೊಡಗಿದ ಮೇಲೆ ನಡುವೆ ಹುಡುಕಿದರೆ ಒಂದಿಷ್ಟು ಪರಾಗ ಸಿಕ್ಕೀತು.

ಇನ್ನು ಬೀಜ ಬಲಿಯುವ ವಿಷಯ. ಪುಸ್ತಕಗಳಲ್ಲಿ ಓದಿ ನಮ್ಮಲ್ಲಿ ಮಾಡಲು ಹೋದರೆ ಸೋಲುವುದು ಇಲ್ಲಿಯೇ. ಹೂವು ಬಾಡಿ ಬೀಜ ಬಲಿಯಲು ಆರೇಳು ವಾರ ಬೇಕು. ಆಶ್ಲೇಷ, ಮಘೆ ಮಳೆಯಲ್ಲಿ ಅರಳಿದ ಹೂವನ್ನು ಬೀಜಕ್ಕೆ ಬಿಟ್ಟರೆ ಅದು ನೀರು ಕುಡಿದು ಕೊಳೆಯುತ್ತದೆಯೇ ಹೊರತು ಬಲಿಯುವುದಿಲ್ಲ. ಆ ಹೂಗಳನ್ನು ದೇವರಿಗೆ ಏರಿಸಿ, ಮುಡಿದುಕೊಳ್ಳಿ, ಬಾಡಿದ್ದನ್ನು ಚಿವುಟಿ. ಉತ್ತರೆ ಮಳೆ ಹಿಂದೆ ಬಿದ್ದ ಮೇಲೆ ಅರಳಿದ ಹೂಗಳನ್ನು ಮಾತ್ರ ಬೀಜಕ್ಕೆ ಬಿಡಿ. ಹಸ್ತ, ಚಿತ್ತಾ ಮಳೆ ಬಂದರೂ ನಡುವೆ ಬಿಸಿಲು ಇರುತ್ತದೆ. ಮಳೆಯ ದಿನಗಳಲ್ಲಿ ನಾನು ಅಡಿಕೆ ಹಾಳೆಯ ಒಂದು ತುಂಡನ್ನು ಕೊಡೆಯ ಹಾಗೆ ದಬ್ಬೆಗೆ ಕಟ್ಟಿ ಹೂವಿನ ಮೇಲೆ ನಿಲ್ಲಿಸುತ್ತೇನೆ. ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ.

ಹೂವಿನ ಹಿಂದಿನ ಪೊರೆಗಳು ಹಸಿರು ಕಳೆದು ಕಂದು ಕಾಗದದಂತಾದಾಗ ಒಂದು ಗೇಣು ದೇಟಿನ ಸಮೇತ ಕೊಯ್ದು, ಒಳಗೆ ಗಾಳಿಯಾಡುವ ಕಡೆ ನೇತುಹಾಕಿ. ಒಣಗಿದ ಮೇಲೆ ತಟ್ಟೆಯಲ್ಲಿ ಬಿಡಿಸಿದರೆ ಎರಡು ಬಗೆಯವು ಸಿಗುತ್ತವೆ. ಹೊಟ್ಟಿನಂಥ ತೆಳು ಪೊರೆಗಳು ಒಂದು ಬಗೆ, ಅವನ್ನು ಊದಿಬಿಡಿ. ಕಪ್ಪು ಬೂದು ಬಣ್ಣದ, ಸೂರ್ಯಕಾಂತಿ ಬೀಜವನ್ನು ಒತ್ತಿ ತೆಳ್ಳಗೆ ಮಾಡಿದಂಥವು ಇನ್ನೊಂದು ಬಗೆ. ಉಗುರಿನಿಂದ ಒತ್ತಿದಾಗ ಗಟ್ಟಿ ಎನಿಸಿದರೆ ಅದೇ ಬೀಜ. ಒಂಟಿ ಎಸಳಿನ ಹೂವಿನಲ್ಲಿ ಕೈತುಂಬ ಸಿಗುತ್ತವೆ. ತುಂಬು ಎಸಳಿನದರಲ್ಲಿ ಕೆಲವೊಮ್ಮೆ ಐದಾರೇ. ಕಾಗದದ ಪೊಟ್ಟಣದಲ್ಲಿ ಹಾಕಿ, ತಾಯಿಯ ಹೆಸರನ್ನೂ ತಿಂಗಳನ್ನೂ ಪೆನ್ಸಿಲ್‌ನಲ್ಲಿ ಬರೆದು, ಸಾಸಿವೆ ಜೀರಿಗೆ ಇಡುವಂಥ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಬಿತ್ತುವುದು ಮೇ ಎರಡನೆಯ ವಾರದಲ್ಲಿ, ಸೂರಿನ ಕೆಳಗೆ. ಗೋಡುಮಣ್ಣು, ಮರಳು, ಜರಡಿ ಹಿಡಿದ ಹಳೆಯ ಸಗಣಿಗೊಬ್ಬರ ಮೂರನ್ನೂ ಸಮ ಹಾಕಿ ತಟ್ಟೆ ತುಂಬಿ. ಬೀಜದ ಮೇಲೆ ಒಂದು ಬೆರಳಿನ ಗಣ್ಣಿನ ಅರ್ಧದಷ್ಟು ಮಣ್ಣು ಸಾಕು. ಐದರಿಂದ ಹತ್ತು ದಿನದಲ್ಲಿ ಮೊಳಕೆ ಬರುತ್ತದೆ. ಸಸಿಗಳ ಕಾಂಡ ನೋಡುವುದು ನನಗೆ ಒಂದು ಖುಷಿ. ಕಡು ಕೆಂಪು ಕಾಂಡದವು ಹೆಚ್ಚಾಗಿ ಗಾಢ ಬಣ್ಣದ ಹೂ ಬಿಡುತ್ತವೆ, ತಿಳಿ ಹಸಿರು ಕಾಂಡದವು ಬಿಳಿಗೋ ಹಳದಿಗೋ ಹೋಗುತ್ತವೆ. ತಪ್ಪುವುದೂ ಉಂಟು. ಎರಡು ಮೂರು ಜೊತೆ ಎಲೆಯಾದಾಗ ಏರುಮಡಿಗೆ ಬದಲಿಸಿ, ಒಂದೂವರೆ ಅಡಿಗೊಂದು. ಆಗಲೇ ದಬ್ಬೆ ಊರಬೇಕು, ಗಡ್ಡೆಯಾದ ಮೇಲೆ ಊರಿದರೆ ಅದಕ್ಕೇ ಚುಚ್ಚುತ್ತದೆ. ಬಸವನಹುಳುಗಳಿಗೆ ಎಳೆಯ ಡೇರೆಯೆಂದರೆ ಪ್ರಾಣ. ರಾತ್ರಿ ಟಾರ್ಚ್ ಹಿಡಿದು ಆರಿಸುವುದಕ್ಕಿಂತ ಒಳ್ಳೆಯ ಉಪಾಯವನ್ನು ನಾನಂತೂ ಕಂಡಿಲ್ಲ.

ಆಗಸ್ಟ್ ಕೊನೆಗೆ, ಸೆಪ್ಟೆಂಬರಿನಲ್ಲಿ ಹೂವು ಬರತೊಡಗುತ್ತದೆ. ಇಲ್ಲಿಂದ ಮುಂದಿನದು ಕಷ್ಟದ ಕೆಲಸ, ಏಕೆಂದರೆ ಕೀಳಬೇಕು.

ಮೊದಲ ಸಲ ನಾನು ನೂರನಲವತ್ತು ಸಸಿ ಬೆಳೆಸಿದೆ. ಒಂದೊಂದೂ ಹೊಸ ಹೂವು, ಒಂದನ್ನೂ ಕೀಳಲು ಮನಸ್ಸಿಲ್ಲ. ಮುಕ್ಕಾಲು ಪಾಲು ಒಂಟಿ ಎಸಳಿನವು ಅಥವಾ ಅರೆತುಂಬು, ಅದು ಸಹಜ. ಎಲ್ಲವನ್ನೂ ಉಳಿಸಿಕೊಂಡೆ. ಮರುವರ್ಷ ಜಾಗ ಸಾಲದೆ, ಗೊಬ್ಬರ ಸಾಲದೆ, ಒಳ್ಳೆಯವೂ ಬಡವಾದವು. ಮೂರನೆಯ ವರ್ಷ ಒಂದು ನಿಯಮ ಮಾಡಿಕೊಂಡೆ. ಬಣ್ಣವನ್ನು ಕೊನೆಗೆ ನೋಡಬೇಕು.

ಮೊದಲು ನೋಡಬೇಕಾದದ್ದು ಮಳೆ. ರಾತ್ರಿಯಿಡೀ ಜಡಿಮಳೆ ಹೊಡೆದ ಮರುದಿನ ಬೆಳಗಿನ ಕಾಫಿಗೂ ಮೊದಲು ಮಡಿಗಳ ನಡುವೆ ಹೋಗಿ ನಿಲ್ಲುತ್ತೇನೆ. ಯಾವ ಹೂವು ನೀರು ತುಂಬಿಕೊಂಡು ಕತ್ತು ಮುರಿದು ನೇತಾಡುತ್ತಿದೆ, ಯಾವುದು ನೀರು ಕೊಡವಿ ತಲೆ ಎತ್ತಿದೆ? ಎಸಳು ಒಳಮುಖವಾಗಿ ಸುತ್ತಿ ಜೇನುಗೂಡಿನ ಕೋಣೆಗಳಂತೆ ಜೋಡಿಸಿಕೊಂಡ ಚೆಂಡು ಡೇರೆಗಳು, ಒಂಟಿ ಎಸಳಿನವು ಹೆಚ್ಚಾಗಿ ಈ ಪರೀಕ್ಷೆ ಗೆಲ್ಲುತ್ತವೆ. ಊಟದ ತಟ್ಟೆಯಷ್ಟು ಅಗಲದವು ಸೋಲುತ್ತವೆ. ಆಮೇಲೆ ನೋಡುವುದು ಎಲೆ. ಬೂದಿರೋಗ ಬಂದಾಗ ಯಾವುದು ಕೊನೆಗೆ ಬಿದ್ದಿತು, ಯಾವುದಕ್ಕೆ ಬರಲೇ ಇಲ್ಲ. ಮೂರನೆಯದು ಗಡ್ಡೆ. ಹೂವು ಎಷ್ಟೇ ಚಂದವಿರಲಿ, ಡಿಸೆಂಬರಿನಲ್ಲಿ ಅಗೆದಾಗ ಬೆರಳು ಗಾತ್ರದ ಗಡ್ಡೆ ಒಂದೇ ಇದ್ದರೆ ಆ ಗಿಡ ಏಪ್ರಿಲಿನ ಸೆಕೆ ದಾಟುವುದಿಲ್ಲ. ಗಡ್ಡೆ ಕಟ್ಟುವುದು ಹಗಲು ಮೋಟಾದ ಮೇಲೆ, ಎಂದರೆ ಸೆಪ್ಟೆಂಬರ್ ಕೊನೆಯಿಂದ ಮುಂದಕ್ಕೆ. ಆದ್ದರಿಂದ ಹೂವು ಕಡಿಮೆಯಾಯಿತೆಂದು ಅಕ್ಟೋಬರಿನಲ್ಲೇ ಗಿಡ ಕಡಿಯಬೇಡಿ. ಕಾಂಡ ತಾನಾಗಿ ಒಣಗಲಿ.

ಈ ಮೂರೂ ದಾಟಿದ ಮೇಲೆ ಬಣ್ಣ. ನೂರನಲವತ್ತರಲ್ಲಿ ಕೊನೆಗೆ ಉಳಿದದ್ದು ನಾಲ್ಕು. ಹಣ್ಣಡಿಕೆ ಬಣ್ಣದ ಆ ಒಂಟಿ ಎಸಳಿನದಂತೂ ಇಂದಿಗೂ ಇದೆ. ಊರಿನವರು ಅದನ್ನು ಹಣ್ಣಡಿಕೆ ಡೇರೆ ಎಂದೇ ಕರೆಯುತ್ತಾರೆ. ಗಟ್ಟಿ ಬಣ್ಣದ ಒಂಟಿ ಎಸಳನ್ನು ಕೀಳೆಂದು ಎಣಿಸಬೇಡಿ. 1924ರಲ್ಲಿ ವೇಲ್ಸ್‌ನ ಕಾರ್ಡಿಫಿನಲ್ಲಿ ಬೀಜದಿಂದ ಬಂದ ಬಿಷಪ್ ಆಫ್ ಲ್ಯಾಂಡಾಫ್ ಎಂಬ ಡೇರೆ ತುಂಬು ಎಸಳಿನದಲ್ಲ. ಕಪ್ಪುಛಾಯೆಯ ಎಲೆಗಳ ಮೇಲೆ ಕೆಂಪು ಹೂವು. ನೂರು ವರ್ಷ ಕಳೆದರೂ ಲೋಕದ ತುಂಬ ಬೆಳೆಯುತ್ತಾರೆ.

ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಆನ್‌ಲೈನಿನಲ್ಲಿ ಹೊರದೇಶದ ಹನ್ನೆರಡು ಗಡ್ಡೆ ತರಿಸಿದೆ. ಚಿತ್ರದಲ್ಲಿ ಕಣ್ಣು ಕೋರೈಸುವ ಹೂಗಳು. ಮೊದಲ ಮಳೆಗಾಲಕ್ಕೆ ಮೂರು ಹೂ ಬಿಟ್ಟವು, ಎರಡನೆಯ ಮಳೆಗಾಲಕ್ಕೆ ಒಂದೂ ಉಳಿಯಲಿಲ್ಲ. ಗಡ್ಡೆಯ ತಪ್ಪಲ್ಲ. ಅವನ್ನು ಆರಿಸಿದವರ ನೆಲದಲ್ಲಿ ಬೇಸಿಗೆ ತಂಪು, ಹಗಲು ಉದ್ದ, ಮಳೆ ಹಿತಮಿತ. ನಮ್ಮ ಆರಿದ್ರಾ, ಪುನರ್ವಸು ಮಳೆಯನ್ನು ಕಂಡೇ ಇರದ ಕೈಗಳು ಆರಿಸಿದ ಗಿಡಗಳವು. ಮಲೆನಾಡಿನ ಮಳೆಗೆ ನಿಲ್ಲುವ ಡೇರೆಯನ್ನು ಮಲೆನಾಡಿನ ಅಂಗಳದಲ್ಲಿ ಮಾತ್ರ ಆರಿಸಲು ಸಾಧ್ಯ. ನಮಗಾಗಿ ಆ ಕೆಲಸವನ್ನು ಬೇರೆ ಯಾರೂ ಮಾಡಿಕೊಡುವುದಿಲ್ಲ. ಅದಕ್ಕೆ ಪ್ರಯೋಗಾಲಯ ಬೇಡ, ಪದವಿ ಬೇಡ. ಮಡಿ, ಪೆನ್ಸಿಲ್, ದಿನವೂ ನೋಡುವ ಕಣ್ಣು ಇರುವ ನೂರಾರು ಮನೆಗಳು ಈ ಸೀಮೆಯಲ್ಲಿವೆ. ಒಂದೊಂದು ಮನೆ ವರ್ಷಕ್ಕೆ ಇಪ್ಪತ್ತು ಸಸಿ ಬೆಳೆಸಿ ಒಂದನ್ನು ಉಳಿಸಿಕೊಂಡರೂ ಸಾಕು.

ಆರಿಸಿದ ಮೇಲೆ ಅದನ್ನು ಹೆಚ್ಚಿಸಲು ಮತ್ತೆ ನಮ್ಮ ಹಳೆಯ ದಾರಿಯೇ, ಗಡ್ಡೆ ಮತ್ತು ಗೆಲ್ಲು. ಅದು ನಿಮಗೆಲ್ಲ ಗೊತ್ತಿದೆ, ಒಂದೇ ಮಾತು ಸೇರಿಸುತ್ತೇನೆ. ಡೇರೆಯ ಮೊಳಕೆಯೊಡೆಯುವ ಕಣ್ಣು ಗಡ್ಡೆಯ ಮೈಮೇಲೆ ಇರುವುದಿಲ್ಲ. ಗಡ್ಡೆ ಕಾಂಡಕ್ಕೆ ಸೇರುವ ಕುತ್ತಿಗೆಯ ಹತ್ತಿರ ಇರುತ್ತದೆ. ಆಲೂಗಡ್ಡೆಯ ಹಾಗೆ ತುಂಡು ಮಾಡಿದರೆ, ಅಥವಾ ಕುತ್ತಿಗೆ ಮುರಿದ ದಪ್ಪ ಗಡ್ಡೆ ಕೊಟ್ಟರೆ, ಅದು ವರ್ಷವಿಡೀ ಮಣ್ಣಿನಲ್ಲಿ ಗಟ್ಟಿಯಾಗಿಯೇ ಇದ್ದು ಮೊಳೆಯದೇ ಹೋಗುತ್ತದೆ. ಪ್ರೀತಿಯಿಂದ ಕೊಟ್ಟ ಎಷ್ಟೋ ಗಡ್ಡೆಗಳು ಬಾರದೆ ಹೋಗುವುದು ಹೀಗೆ. ಕಾಂಡದ ಬುಡದ ಒಂದು ಚೂರಾದರೂ ಅಂಟಿಕೊಂಡಿರಲಿ. ಇನ್ನು, ಎಲೆಯಲ್ಲಿ ಹಳದಿ ಗೆರೆ ಮೂಡಿ ಗಿಡ ಗುಜ್ಜಾದರೆ ಅದು ನಂಜುರೋಗ. ಗಿಡಹೇನು ಅದನ್ನು ಹರಡುತ್ತದೆ, ಗಡ್ಡೆಯೊಳಗೂ ಉಳಿಯುತ್ತದೆ. ಅಂಥ ಗಿಡದ ಗಡ್ಡೆಯನ್ನು ಎಷ್ಟೇ ಕೇಳಿದರೂ ಯಾರಿಗೂ ಕೊಡಬೇಡಿ. ಕಿತ್ತು ಸುಡಿ.

ಇನ್ನು ಪ್ರಶ್ನೆಗಳು.

ಒಬ್ಬರು ತಂಗಿ ಕೇಳಿದರು: "ನಮ್ಮ ಮನೆಯಲ್ಲಿ ಕೆಂಪು ಎಸಳಿಗೆ ಬಿಳಿ ತುದಿಯ ಡೇರೆ ಇದೆ. ಕೆಲವೊಮ್ಮೆ ಅದೇ ಗಿಡದಲ್ಲಿ ಪೂರ್ತಿ ಕೆಂಪು ಹೂವು ಬರುತ್ತದೆ. ಜಾತಿ ಕೆಟ್ಟಿತೇ?"

ಕೆಟ್ಟಿಲ್ಲ. ಆ ಗಿಡದ ಎಸಳಿನಲ್ಲಿ ಎಲ್ಲ ಕಡೆ ಕೆಂಪು ಮಾಡುವ ಶಕ್ತಿ ಇದೆ. ತುದಿಯಲ್ಲಿ ಮಾತ್ರ ಗಿಡ ತಾನೇ ಆ ಬಣ್ಣದ ಸೂತ್ರವನ್ನು ಅದುಮಿ ಹಿಡಿಯುತ್ತದೆ, ಹಾಗಾಗಿ ತುದಿ ಬಿಳಿ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದವರು ಇದನ್ನು ವಿವರವಾಗಿ ಅಭ್ಯಾಸ ಮಾಡಿದ್ದಾರೆ. ಅದುಮಿದ ಹಿಡಿತ ಕೆಲವು ಹೂಗಳಲ್ಲಿ ಸಡಿಲವಾದಾಗ ಪೂರ್ತಿ ಕೆಂಪು ಬರುತ್ತದೆ. ಒಂದು ಗೆಲ್ಲಿನಲ್ಲಿ ಮಾತ್ರ ಹಾಗಾಗಿದ್ದರೆ, ಗಡ್ಡೆ ಹಂಚುವಾಗ ಬಿಳಿ ತುದಿ ಚೆನ್ನಾಗಿ ಬರುವ ಗೆಲ್ಲನ್ನು ಗುರುತಿಟ್ಟು ಅದರಿಂದಲೇ ಸಸಿ ಮಾಡಿಕೊಳ್ಳಿ.

ಇನ್ನೊಬ್ಬರು ಕೇಳಿದ್ದು, ನಮ್ಮ ಬೀಜದ ಡೇರೆಗೆ ನಾವೇ ಹೆಸರಿಡಬಹುದೇ ಎಂದು. ಖಂಡಿತ ಇಡಿ. ಡೇರೆಯ ಹೆಸರುಗಳ ಅಂತರರಾಷ್ಟ್ರೀಯ ನೋಂದಣಿಯನ್ನು ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ನೋಡಿಕೊಳ್ಳುತ್ತದೆ. ಅಲ್ಲಿಯವರೆಗೆ ಹೋಗುವುದು ಆಮೇಲಿನ ಮಾತು. ಮೂರು ವರ್ಷ ಮಳೆಯಲ್ಲಿ ನಿಂತು ತೋರಿಸಿದ ಮೇಲೆ ಹೆಸರಿಡಿ, ಅಷ್ಟರವರೆಗೆ ಅಂಕಿ ಸಾಕು. ಅಂಕಿಯನ್ನು ತಂಪುಪಾನೀಯದ ಡಬ್ಬಿಯಿಂದ ಕತ್ತರಿಸಿದ ಪಟ್ಟಿಯ ಮೇಲೆ ಪೆನ್ಸಿಲ್ ಒತ್ತಿ ಬರೆಯಿರಿ. ಪೆನ್ನಿನ ಶಾಯಿ ಒಂದು ಮಳೆಗೂ ಉಳಿಯುವುದಿಲ್ಲ.

ಮೊದಲು ಮಾತನಾಡಿದ ಹಿಂದಿನ ಸಾಲಿನ ಅಕ್ಕನದು ಕೊನೆಯ ಪ್ರಶ್ನೆ: "ಬಾಡಿದ ಹೂವು ಚಿವುಟುವಾಗ ನಾನು ಎಷ್ಟೋ ಸಲ ಮೊಗ್ಗನ್ನೇ ಚಿವುಟಿಬಿಡುತ್ತೇನೆ. ಎರಡೂ ಹಸಿರಾಗಿ ಒಂದೇ ತೆರ ಕಾಣುತ್ತವೆ. ಬೀಜಕ್ಕೆ ಬಿಡುವುದನ್ನು ಗುರುತಿಸುವುದು ಹೇಗೆ?"

ಅವರನ್ನು ವೇದಿಕೆಗೆ ಕರೆದು ಎರಡನ್ನೂ ಅವರ ಅಂಗೈಯಲ್ಲಿಟ್ಟೆ. ಮೊಗ್ಗು ಗುಂಡಗೆ, ಮೇಲೆ ಚಪ್ಪಟೆ, ಗುಂಡಿಯ ಹಾಗೆ. ಎಸಳು ಉದುರಿದ ಕಾಯಿ ಮೊನೆಯಾಗಿ ನೀಳವಾಗಿ, ದೇವಸ್ಥಾನದ ಶಿಖರದ ಹಾಗೆ. ಅಕ್ಕ ಎರಡು ಬೆರಳಿನಲ್ಲಿ ಕಾಯಿಯನ್ನು ಮೆಲ್ಲಗೆ ಒತ್ತಿದರು, ತುದಿಯಿಂದ ಒಂದು ಹನಿ ನೀರು ಹೊರಬಂತು. "ಇದು ಇನ್ನೂ ಬಲಿತಿಲ್ಲ ಅಲ್ಲವೇ?" ಎಂದರು. ಹೌದು, ಇನ್ನೂ ಮೂರು ವಾರ ಬೇಕು. ಕಳೆದ ವರ್ಷದ ಬೀಜವನ್ನು ಇಪ್ಪತ್ತಿಪ್ಪತ್ತು ಎಣಿಸಿ ಪೊಟ್ಟಣ ಕಟ್ಟಿ ತಂದಿದ್ದೇನೆ, ಬಾಗಿಲ ಬಳಿಯ ಮೇಜಿನ ಮೇಲಿದೆ. ಪೊಟ್ಟಣದ ಮೇಲೆ ತಾಯಿಯ ಹೆಸರು ಮಾತ್ರ ಇದೆ. ಅರ್ಧದಷ್ಟರಲ್ಲಿ ಅದು ಹಣ್ಣಡಿಕೆ. ಹಳದಿ ತಾಯಿಯ ಬೀಜ ಐದೇ ಪೊಟ್ಟಣ ಇವೆ. ಅವನ್ನು ತೆಗೆದುಕೊಳ್ಳುವವರಲ್ಲಿ ಒಂದು ಕೋರಿಕೆ: ಹಳದಿಗೆ ಕೆಂಪು ತುದಿಯ ಹೂವು ಯಾರ ಅಂಗಳದಲ್ಲಾದರೂ ಅರಳಿದರೆ ನನಗೊಂದು ಫೋನ್ ಮಾಡಿ. ಅತ್ತೆಗೆ ಈಗ ಎಂಬತ್ತೆಂಟು, ಕಾರಿನಲ್ಲಿ ಕೂರಿಸಿಕೊಂಡು ಕರೆತರುತ್ತೇನೆ.